ಬೆನ್ನುಹುರಿಯ ಕ್ಯಾನ್ಸರ್ ಅಲ್ಲದ ಗಡ್ಡೆ: ಯಾವುದು ಟ್ಯೂಬಿನಲ್ಲಿ ಆದೀತು, ಯಾವುದು ಆಗದು?

ಮಲೆನಾಡ ವೈದ್ಯ

ಎಂಆರ್‌ಐ ರಿಪೋರ್ಟ್ ಹಿಡಿದು ಬರುವವರ ಮೊದಲ ಮಾತು "ಕ್ಯಾನ್ಸರಾ ಡಾಕ್ಟ್ರೇ?" ಅಂತ. ಇರಲಿಕ್ಕಿಲ್ಲ ಅಂದ ಕೂಡಲೇ ಎರಡನೆಯದು, "ಹಾಗಾದ್ರೆ ಸಣ್ಣ ತೂತು ಮಾಡಿ ಟ್ಯೂಬಿನಲ್ಲಿ ತೆಗೀತಾರಂತಲ್ಲ, ಅದಾಗತ್ತಾ?" ರೆಫರ್ ಮಾಡುವ ಸಾಮಾನ್ಯ ವೈದ್ಯರಿಗೂ ಉಪಯೋಗವಾಗಲಿ ಅಂತ ಎರಡು ಮಾದರಿ ರಿಪೋರ್ಟ್ ಇಡುತ್ತಿದ್ದೇನೆ. ಒಂದು: ಸೊಂಟದ ಎಲ್2-ಎಲ್3 ಮಟ್ಟದಲ್ಲಿ ಡ್ಯೂರಾದ (ಹುರಿಯ ಪೊರೆ) ಒಳಗೆ, ಎಡಕ್ಕೆ ಸರಿದ 1.8 ಸೆಂ.ಮೀ. ಗಡ್ಡೆ, ಶ್ವಾನೋಮಾ (ನರದ ಕವಚದಿಂದ ಹುಟ್ಟುವ ಗಡ್ಡೆ) ಇರಬಹುದು. ಎರಡು: 62 ವರ್ಷದ ಹೆಂಗಸು, ಎದೆಯ ಡಿ6 ಮಟ್ಟದಲ್ಲಿ ಹುರಿಯ ಮುಂದುಗಡೆ ಕೂತ 2 ಸೆಂ.ಮೀ. ಗಡ್ಡೆ, ಮೆನಿಂಜಿಯೋಮಾ (ಹುರಿಯ ಪೊರೆಯಿಂದ ಹುಟ್ಟುವ ಗಡ್ಡೆ) ಅನುಮಾನ. ಗಾತ್ರ ಹೆಚ್ಚುಕಮ್ಮಿ ಒಂದೇ. ದಾರಿಯೂ ಒಂದೇನಾ?

ನ್ಯೂರೋ ಕತ್ತರಿ

ಒಂದೇ ಅಲ್ಲ. ಅಳತೆಗಿಂತ ಮೊದಲು ನೋಡುವುದು ಗಡ್ಡೆ ಯಾವ ಪದರದಲ್ಲಿದೆ, ಹುರಿಯ ಯಾವ ಮಗ್ಗುಲಲ್ಲಿದೆ ಅಂತ. ಬೆನ್ನುಹುರಿಯನ್ನು ಸುತ್ತಿದ ಗಟ್ಟಿ ಪೊರೆ ಡ್ಯೂರಾ. ಅದರ ಹೊರಗೆ ಬೆಳೆಯುವುದು ಒಂದು ಜಾತಿ, ಒಳಗಿದ್ದೂ ಹುರಿಯ ಹೊರಗೇ ಇರುವುದು ಇನ್ನೊಂದು, ಹುರಿಯ ಹೊಟ್ಟೆಯೊಳಗೇ ಇರುವುದು ಮೂರನೆಯದು. ಟ್ಯೂಬಿಗೆ ಹೇಳಿ ಮಾಡಿಸಿದ್ದು ಎರಡನೆಯ ಜಾತಿ: ಶ್ವಾನೋಮಾ, ಕೆಲವು ಮೆನಿಂಜಿಯೋಮಾ. ಹುರಿಯೊಳಗಿನ ಎಪೆಂಡಿಮೋಮಾ, ಆಸ್ಟ್ರೋಸೈಟೋಮಾಗಳಿಗೆ ನಡುಗೆರೆಯಲ್ಲಿ ಹುರಿಯನ್ನೇ ಬಿಡಿಸಿ ಒಳಹೋಗಬೇಕು. ಎರಡು ಬದಿಯೂ ಕಾಣದೆ ಆ ನಡುಗೆರೆ ಸಿಗುವುದು ಕಷ್ಟ. ಅಲ್ಲಿ ಸಣ್ಣ ಗಾಯದ ಆಸೆಗೆ ಬೀಳಬಾರದು.

ನಿಮ್ಮ ಮೊದಲ ರಿಪೋರ್ಟ್ ಬಹುತೇಕ ಆದರ್ಶ. ಒಂದು ಪಕ್ಕಕ್ಕಿದೆ, ಒಂದೆರಡು ಕಶೇರುಗಳ (ಬೆನ್ನುಮೂಳೆಯ ಮಣಿಗಳು) ಎತ್ತರ ದಾಟಿಲ್ಲ. ಅಲ್ಲಿ ಹುರಿಯೂ ಇಲ್ಲ, ಅದು ಸಾಮಾನ್ಯವಾಗಿ ಎಲ್1-ಎಲ್2ರಲ್ಲೇ ಮುಗಿದಿರುತ್ತದೆ. ಇರುವುದು ಸರಿಸಿದರೆ ಸರಿಯುವ ನರಗಳ ಗೊಂಚಲು. ಎರಡನೆಯದರಲ್ಲಿ ಗಡ್ಡೆಗೂ ನಮಗೂ ನಡುವೆ ಹುರಿ ಅಡ್ಡ ನಿಂತಿದೆ. ಎದೆಮಟ್ಟದ ಹುರಿ ಒಂದಿಷ್ಟೂ ಎಳೆತ ತಡೆಯದು. ಪಕ್ಕದಿಂದ ಓರೆಯಾಗಿ ಹೋಗಿ, ಹುರಿಯನ್ನು ಪಕ್ಕದ ಡ್ಯೂರಾಗೆ ಹಿಡಿದ ದಂತುರ ತಂತುವನ್ನು ಕತ್ತರಿಸಿ, ಗಡ್ಡೆಯನ್ನು ಒಳಗಿಂದಲೇ ಟೊಳ್ಳು ಮಾಡಿ ತನ್ನತ್ತ ಎಳೆದುಕೊಳ್ಳುವವರೂ ಇದ್ದಾರೆ. ಆದರೆ ಇದು ಟ್ಯೂಬ್ ಕಲಿಯುವವರ ಕೇಸ್ ಅಲ್ಲ.

ಫಿಲ್ಮ್ ನೋಡುವವಳು

ರೇಡಿಯಾಲಜಿ ಕಡೆಯಿಂದ ಒಂದಿಷ್ಟು. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ.

ಕಾಲು ಬಿಗಿಯುತ್ತದೆ, ಸೊಂಟ ನೋಯುತ್ತದೆ ಅಂದ ಕೂಡಲೇ ಸೊಂಟದ ಎಂಆರ್‌ಐ ಮಾತ್ರ ಬರೆಯುತ್ತಾರೆ. ಅದರಲ್ಲಿ ವಯಸ್ಸಿಗೆ ಸಹಜವಾದ ಡಿಸ್ಕ್ ಉಬ್ಬು ಸಿಗುತ್ತದೆ, ಎಲ್ಲರಿಗೂ ಸಮಾಧಾನ. ಗಡ್ಡೆ ಡಿ6ರಲ್ಲಿ ಕೂತಿರುತ್ತದೆ. "ಚಪ್ಪಲಿ ಕಾಲಿಂದ ಜಾರಿಹೋಗಿದ್ದು ಗೊತ್ತಾಗುತ್ತಾ?" ಅಂತ ಕೇಳಿ. ಗೊತ್ತೇ ಆಗುವುದಿಲ್ಲ ಅಂದರೆ, ಹೊಟ್ಟೆಗೆ ಪಟ್ಟಿ ಬಿಗಿದ ಹಾಗಿದೆ ಅಂದರೆ, ಮಂಡಿಯ ರಿಫ್ಲೆಕ್ಸ್ ಜೋರಾಗಿದ್ದರೆ, ಸೊಂಟ ಬಿಟ್ಟು ಮೇಲೆ ನೋಡಬೇಕು. ಸೊಂಟದ ಸ್ಕ್ಯಾನ್ ಮಾಡುವಾಗಲೇ ಇಡೀ ಬೆನ್ನಿನ ಒಂದು ಟಿ2 (ನೀರು ಬೆಳ್ಳಗೆ ಕಾಣುವ ಬಗೆಯ) ಉದ್ದಸೀಳು ಚಿತ್ರ ತೆಗೆಯಲು ಕೆಲವೇ ನಿಮಿಷ ಸಾಕು. ಮಲಗಿದಾಗ ಹೆಚ್ಚಾಗಿ, ಎದ್ದು ಓಡಾಡಿದರೆ ಕಡಿಮೆಯಾಗುವ ರಾತ್ರಿ ನೋವನ್ನೂ ಡಿಸ್ಕ್ ಖಾತೆಗೆ ಬರೆಯಬೇಡಿ. ಡಿಸ್ಕ್ ನೋವು ಸಾಮಾನ್ಯವಾಗಿ ಮಲಗಿದರೆ ತಗ್ಗುತ್ತದೆ.

ಗಡ್ಡೆ ಕಂಡ ಮೇಲೆ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಬೇಕೇ ಬೇಕು, ಮೂತ್ರಪಿಂಡದ ಕ್ರಿಯಾಟಿನಿನ್ ನೋಡಿಕೊಂಡು. ಶ್ವಾನೋಮಾ ಟಿ2ರಲ್ಲಿ ಬೆಳ್ಳಗೆ ಕಾಣುತ್ತದೆ, ಒಳಗೆ ನೀರುಗುಳ್ಳೆಗಳಿರಬಹುದು. ಮೆನಿಂಜಿಯೋಮಾ ಒಂದೇ ಸಮನಾಗಿ ಹೊಳೆಯುತ್ತದೆ, ಬುಡ ಡ್ಯೂರಾಗೆ ಅಗಲವಾಗಿ ಅಂಟಿ ಬಾಲದ ಹಾಗೆ ಹರಿದಿರುತ್ತದೆ. ಜತೆಗೊಂದು ಸಿಟಿಯೂ ಇರಲಿ. ಮೆನಿಂಜಿಯೋಮಾದಲ್ಲಿ ಸುಣ್ಣ ಕಟ್ಟಿದ್ದರೆ ಅದು ಕಲ್ಲಿನಂತೆ, ಹೀರುವ ಯಂತ್ರಕ್ಕೆ ಬಗ್ಗುವುದಿಲ್ಲ. ಟ್ಯೂಬ್ ಬೇಕೋ ಬೇಡವೋ ಅನ್ನುವುದನ್ನು ಈ ಒಂದು ಸಂಗತಿಯೇ ತಿರುಗಿಸಬಹುದು. ನಮ್ಮ ಕಡೆ ಕ್ಷಯವನ್ನೂ ಮರೆಯುವ ಹಾಗಿಲ್ಲ. ಡಿಸ್ಕ್ ಕರಗಿ ಅಕ್ಕಪಕ್ಕದ ಎರಡು ಕಶೇರು ತಿಂದಿದ್ದರೆ ಗಡ್ಡೆಗಿಂತ ಟಿಬಿಯೇ ಮೊದಲ ಅನುಮಾನ.

ಕಶೇರುವಿನ ಹೆಮಾಂಜಿಯೋಮಾ (ರಕ್ತನಾಳಗಳ ಗಂಟು) ಅಂತ ರಿಪೋರ್ಟ್‌ನಲ್ಲಿ ನೋಡಿ ಹೆದರಿದವರಿಗೆ: ಅದು ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವಂಥದ್ದು. ಹುರಿಯನ್ನು ಒತ್ತದಿದ್ದರೆ ಏನೂ ಮಾಡುವುದು ಬೇಡ.

ಮಲೆನಾಡ ವೈದ್ಯ

ಚಪ್ಪಲಿ ಪ್ರಶ್ನೆ ಗೋಡೆಗೆ ಬರೆದು ಹಾಕುವಂಥದ್ದು. ನ್ಯೂರೋ ಸರ್, ಟ್ಯೂಬ್ ಅಂದರೆ ನಿಜಕ್ಕೂ ಏನು ಮಾಡುತ್ತಾರೆ? ಎಂಡೋಸ್ಕೋಪಿಯ ಹಾಗೆ ಕ್ಯಾಮೆರಾ ತೂರಿಸುತ್ತಾರೆ ಅಂತಲೇ ಹಲವರ ಕಲ್ಪನೆ.

ನ್ಯೂರೋ ಕತ್ತರಿ

ಹೆಚ್ಚಿನ ಕಡೆ ಮೈಕ್ರೋಸ್ಕೋಪೇ. ಟ್ಯೂಬ್ ಅಂದರೆ ಸ್ನಾಯುಗಳನ್ನು ಅಗಲಿಸಿ ಹಿಡಿಯುವ ಲೋಹದ ನಳಿಕೆ, ಅಷ್ಟೇ.

ರೋಗಿಯನ್ನು ಬೋರಲು ಮಲಗಿಸಿ ಹೊಟ್ಟೆ ಜೋತುಬೀಳುವಂತೆ ಬಿಡಬೇಕು. ಹೊಟ್ಟೆ ಒತ್ತಿದರೆ ಡ್ಯೂರಾ ಸುತ್ತಲಿನ ಸಿರೆಗಳು ಉಬ್ಬಿ, ಕಿರಿದಾದ ನಳಿಕೆಯ ತಳವೆಲ್ಲ ರಕ್ತ. ಎಕ್ಸ್‌ರೇಯಲ್ಲಿ ಮಟ್ಟ ಖಚಿತವಾದ ಮೇಲೆ ನಡುಗೆರೆಯಿಂದ 2ರಿಂದ 3 ಸೆಂ.ಮೀ. ಪಕ್ಕದಲ್ಲಿ 2.5ರಿಂದ 3 ಸೆಂ.ಮೀ. ಚರ್ಮ ಕೊಯ್ಯುತ್ತೇವೆ. ತೆಳ್ಳನೆಯದರಿಂದ ಶುರುಮಾಡಿ ಒಂದರ ಮೇಲೊಂದು ದಪ್ಪನೆಯ ಡೈಲೇಟರ್ ತೂರಿಸುತ್ತ ಸ್ನಾಯುವಿನ ಎಳೆಗಳನ್ನು ಬಿಡಿಸುತ್ತ ಹೋಗುತ್ತೇವೆ. ಮೂಳೆಯಿಂದ ಸ್ನಾಯುವನ್ನು ಕೆತ್ತಿ ತೆಗೆಯುವುದಿಲ್ಲ, ಲಾಭವೆಲ್ಲ ಇರುವುದು ಅಲ್ಲಿ. ಕೊನೆಗೆ 18ರಿಂದ 22 ಮಿ.ಮೀ. ವ್ಯಾಸದ ನಳಿಕೆ ಕೂರುತ್ತದೆ. ಗಡ್ಡೆ ಉದ್ದವಿದ್ದರೆ ತುದಿಯಲ್ಲಿ ಅಗಲವಾಗುವ ನಳಿಕೆ.

ಎದೆಮಟ್ಟದಲ್ಲಿ ಮೊದಲಿಗೆ ಚೂಪು ತಂತಿ ಬಳಸಬಾರದು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಎರಡು ಲ್ಯಾಮಿನಾಗಳ (ಕಶೇರುವಿನ ಹಿಂಬದಿಯ ಮೂಳೆತಟ್ಟೆ) ಸಂದಿನಲ್ಲಿ ಜಾರಿದರೆ ನೇರ ಹುರಿಗೆ. ಮೊಂಡು ಡೈಲೇಟರ್ ತುದಿಯಲ್ಲಿ ಮೂಳೆ ತಡವಿ, ಮೂಳೆಯ ಮೇಲೇ ಊರಿ ನಿಲ್ಲಿಸಬೇಕು.

ಆಮೇಲೆ ಒಂದು ಬದಿಯ ಲ್ಯಾಮಿನಾವನ್ನು ಡ್ರಿಲ್‌ನಿಂದ ತೆಳುಮಾಡಿ ತೆಗೆಯುವುದು. ಲ್ಯಾಮಿನಾ ಅಡಿಯ ಹಳದಿ ತಂತುವನ್ನು ಡ್ರಿಲ್ ಕೆಲಸ ಮುಗಿಯುವ ತನಕ ಮುಟ್ಟುವುದಿಲ್ಲ, ಡ್ಯೂರಾಗೆ ಅದೇ ಗುರಾಣಿ. ಟೇಬಲನ್ನು ಆಚೆ ಬದಿಗೆ ವಾಲಿಸಿ, ಬೆನ್ನುಮುಳ್ಳಿನ ಬುಡವನ್ನು ಒಳಗಿಂದ ಕೆತ್ತಿದರೆ ನಡುಗೆರೆಯಾಚೆಗೂ ನೋಟ ಸಿಗುತ್ತದೆ. ಕಶೇರುಗಳನ್ನು ಹಿಂದಿನಿಂದ ಜೋಡಿಸುವ ಪಕ್ಕದ ಫ್ಯಾಸೆಟ್ ಕೀಲನ್ನು ಅರ್ಧಕ್ಕಿಂತ ಹೆಚ್ಚು ತಿನ್ನಬಾರದು. ತಿಂದರೆ ಆ ಮಟ್ಟ ಸಡಿಲವಾಗಿ, ಇವತ್ತು ಉಳಿಸಿದ ಸ್ಕ್ರೂ ನಾಳೆ ಹಾಕಬೇಕಾಗುತ್ತದೆ.

ಡ್ಯೂರಾವನ್ನು ಕೊಯ್ದು ಅಂಚುಗಳನ್ನು ದಾರದಿಂದ ಎಳೆದು ಕಟ್ಟಿ, ಅದರಡಿಯ ಅರಾಕ್ನಾಯ್ಡ್ ಪೊರೆಯನ್ನು ಬೇರೆಯಾಗಿ ತೆರೆಯುತ್ತೇವೆ. ಶ್ವಾನೋಮಾ ಆದರೆ ಕವಚ ಸೀಳಿ, ಒಳಗಿನದನ್ನು ಅಲ್ಟ್ರಾಸೋನಿಕ್ ಆಸ್ಪಿರೇಟರ್‌ನಿಂದ ಹೀರಿ ಕುಗ್ಗಿಸಿ, ಕವಚದ ಸುತ್ತ ನರಗಳನ್ನು ಬಿಡಿಸುವುದು. ಅದು ಹುಟ್ಟಿದ ನರದೆಳೆ ಒಂದು, ಹೆಚ್ಚಾಗಿ ಸಂವೇದನೆಯದು. ಅದನ್ನು ಕರೆಂಟ್ ಕೊಟ್ಟು ಪರೀಕ್ಷಿಸಿ, ಸ್ನಾಯು ಮಿಡಿಯದಿದ್ದರೆ ಗಡ್ಡೆಯ ಮೇಲೂ ಕೆಳಗೂ ಸುಟ್ಟು ಕತ್ತರಿಸುತ್ತೇವೆ. ಮಿಡಿದರೆ ನಿಲ್ಲಿಸಬೇಕು. ಕೈಯ, ಕಾಲಿನ ಮುಖ್ಯ ನರಬೇರುಗಳಲ್ಲಂತೂ ಚೂರು ಕವಚ ಬಿಟ್ಟರೂ ಚಿಂತೆಯಿಲ್ಲ, ಪಾದ ಜೋತುಬಿದ್ದರೆ ಚಿಂತೆ.

ಮೊದಲೇ ಹೇಳಬೇಕಿದ್ದ ಒಂದು ಅಪವಾದ. ಸೊಂಟದಲ್ಲಿ ಹುರಿಯ ಬಾಲದಂಥ ಫೈಲಂಗೆ ಅಂಟಿದ ಗಡ್ಡೆ ಮಿಕ್ಸೋಪ್ಯಾಪಿಲ್ಲರಿ ಎಪೆಂಡಿಮೋಮಾ ಆಗಿರಬಹುದು. ಅದನ್ನು ಟೊಳ್ಳು ಮಾಡಬಾರದು. ಕವಚ ಒಡೆದರೆ ಜೀವಕೋಶಗಳು ಬೆನ್ನುನೀರಿನಲ್ಲಿ ಚೆಲ್ಲಿ ಬೇರೆಡೆ ಬೀಜ ಬಿತ್ತುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ಇದನ್ನು 1ನೇ ದರ್ಜೆಯಿಂದ 2ನೇ ದರ್ಜೆಗೆ ಏರಿಸಿದ್ದಾರೆ. ಇಡಿಯಾಗಿ ಹೊರತರುವಷ್ಟು ಬಾಗಿಲು ಅಗಲವಿಲ್ಲದಿದ್ದರೆ ಬಾಗಿಲನ್ನೇ ಅಗಲ ಮಾಡಬೇಕು.

ಹಳೇ ಕೈ

ಇದೆಲ್ಲ ಸರಿ. ಆದರೆ ನಳಿಕೆಯನ್ನೇ ದೇವರು ಮಾಡಬೇಡಿ. ಬೆನ್ನು ಬಾಗುವುದನ್ನು, ಸ್ನಾಯು ಸೊರಗುವುದನ್ನು ತಡೆಯುವುದು ಒಂದು ಬದಿಯ ಲ್ಯಾಮಿನಾ ಮಾತ್ರ ತೆಗೆಯುವ ಹೆಮಿಲ್ಯಾಮಿನೆಕ್ಟಮಿ. ನಡುಗೆರೆಯಲ್ಲಿ 4-5 ಸೆಂ.ಮೀ. ಕೊಯ್ದು, ಒಂದೇ ಬದಿಯ ಸ್ನಾಯು ಸರಿಸಿ, ಸಾಧಾರಣ ರಿಟ್ರಾಕ್ಟರ್, ಸಾಧಾರಣ ಮೈಕ್ರೋಸ್ಕೋಪ್ ಇಟ್ಟು ಮಾಡಿದರೂ ಬೆನ್ನುಮುಳ್ಳು, ಅದರ ತಂತುಗಳು, ಆಚೆ ಬದಿ ಎಲ್ಲ ಭದ್ರ. ಡ್ಯೂರಾ ಹೊಲಿಯಲು ಎರಡು ಕೈಗೂ ಜಾಗ ಇರುತ್ತದೆ. ದುಬಾರಿ ನಳಿಕೆ ಸೆಟ್ ಇಲ್ಲದ ಊರುಗಳಲ್ಲಿ ಇದೇ ನಿಜವಾದ ಮಿನಿಮಲ್. ಮಕ್ಕಳಲ್ಲಿ, ಕತ್ತಿನಲ್ಲಿ, ಮೂರ್ನಾಲ್ಕು ಮಟ್ಟದ ಪೂರ್ತಿ ಲ್ಯಾಮಿನಾ ತೆಗೆದು ಹಾಗೇ ಮುಚ್ಚಿದರೆ ಬೆನ್ನು ಗೂನಾಗುವ ಭಯ ಇದ್ದೇ ಇದೆ. ಅಲ್ಲಿ ಲ್ಯಾಮಿನಾವನ್ನು ಇಡಿಯಾಗಿ ಎತ್ತಿ, ಕೆಲಸ ಮುಗಿದ ಮೇಲೆ ಪ್ಲೇಟ್ ಹಾಕಿ ಮತ್ತೆ ಕೂರಿಸುವ ಲ್ಯಾಮಿನೋಪ್ಲಾಸ್ಟಿ ಇದೆ.

ಇನ್ನೊಂದು ಮಾತು. 1887ರ ಜೂನ್‌ನಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಡ್ಯೂರಾ ಒಳಗಿನ ಗಡ್ಡೆ ತೆಗೆದಾಗ ಜಾಗ ಸೂಚಿಸಿದ್ದು ಸ್ಕ್ಯಾನ್ ಅಲ್ಲ, ವಿಲಿಯಂ ಗವರ್ಸ್ ಮಾಡಿದ ಪರೀಕ್ಷೆ. ತೆರೆದ ಜಾಗದಲ್ಲಿ ಗಡ್ಡೆ ಕಾಣಲಿಲ್ಲ. ಇನ್ನೂ ಮೇಲಕ್ಕೆ ಮೂಳೆ ತೆಗೆಯುತ್ತ ಹೋದಾಗ ಸಿಕ್ಕಿತು. ದೊಡ್ಡ ಗಾಯದಲ್ಲಿ ಮೇಲೆ ಕೆಳಗೆ ಹುಡುಕಬಹುದು. 20 ಮಿ.ಮೀ. ನಳಿಕೆಯಲ್ಲಿ ಮಟ್ಟ ತಪ್ಪಿದರೆ ಗಡ್ಡೆಯೇ ಇಲ್ಲದ ಡ್ಯೂರಾ ನೋಡುತ್ತ ಕೂರುತ್ತೀರಿ.

ಫಿಲ್ಮ್ ನೋಡುವವಳು

ಹಳೇ ಕೈ ಸರ್ ಹೇಳಿದ್ದಕ್ಕೇ ಸೇರಿಸುತ್ತೇನೆ. ಮಟ್ಟ ತಪ್ಪುವುದು ಎಣಿಕೆ ತಪ್ಪಿ. ಕೆಲವರಿಗೆ ಎಲ್5 ತ್ರಿಕಾಸ್ಥಿಗೆ ಬೆಸೆದಿರುತ್ತದೆ, ಕೆಲವರಿಗೆ ಸೊಂಟದಲ್ಲಿ ಆರು ಕಶೇರು, ಕೆಲವರಿಗೆ ಪಕ್ಕೆಲುಬು ಹನ್ನೊಂದೇ ಜೊತೆ. ರಿಪೋರ್ಟ್ ಮಾಡಿದವರು ಕತ್ತಿನ ಸಿ2ರಿಂದ ಕೆಳಗೆ ಎಣಿಸಿ, ಓಟಿಯಲ್ಲಿ ತ್ರಿಕಾಸ್ಥಿಯಿಂದ ಮೇಲಕ್ಕೆ ಎಣಿಸಿದರೆ ಒಂದು ಕಶೇರು ವ್ಯತ್ಯಾಸ ಅಲ್ಲೇ ಬಂತು. ಎಲ್ಲಿಂದ ಎಣಿಸಿದ್ದು ಅಂತ ರಿಪೋರ್ಟ್‌ನಲ್ಲೇ ಬರೆದಿರಬೇಕು, ಓಟಿಯಲ್ಲೂ ಅಲ್ಲಿಂದಲೇ ಎಣಿಸಬೇಕು. ಭುಜದ ನೆರಳು ಬೀಳುವ ಡಿ2-ಡಿ5ರಲ್ಲಿ, ದಪ್ಪ ಮೈಯವರಲ್ಲಿ, ಪಕ್ಕದ ಎಕ್ಸ್‌ರೇ ಮಸುಕು. ಅಂಥವರಿಗೆ ಹಿಂದಿನ ದಿನವೇ ಸಿಟಿ ನೋಡಿಕೊಂಡು ಆ ಕಶೇರುವಿನ ಮೂಳೆಯಲ್ಲಿ ಲೋಹದ ಗುರುತು ಇಟ್ಟುಬಿಡುವುದು ಕ್ಷೇಮ. ಚರ್ಮದ ಮೇಲೆ ಪೆನ್ನಿನ ಗುರುತು ನಂಬಬೇಡಿ. ಎಂಆರ್‌ಐ ಆಗಿದ್ದು ಅಂಗಾತ ಮಲಗಿ, ಆಪರೇಷನ್ ಬೋರಲು, ಚರ್ಮ ಜಾರಿರುತ್ತದೆ.

ಅರಿವಳಿಕೆ

ಎಲ್ಲರೂ ಗಾಯದ ಅಳತೆ ಮಾತಾಡುತ್ತಿದ್ದೀರಿ, ತಲೆಯ ಕಡೆ ಕೂತವರ ಕೆಲಸವನ್ನೂ ಹೇಳಿಬಿಡುತ್ತೇನೆ. ನರಗಳ ಮಾನಿಟರಿಂಗ್ (ತಲೆಗೆ ಕರೆಂಟ್ ಕೊಟ್ಟು ಕೈಕಾಲಿನ ಸ್ನಾಯುವಿಗೆ ಸಂಕೇತ ತಲುಪುತ್ತದೆಯೇ ನೋಡುವುದು) ಇದ್ದರೆ ಉಸಿರಿನ ಮೂಲಕ ಕೊಡುವ ಅನಿಲ ಬೇಡ, ಪೂರ್ತಿ ರಕ್ತನಾಳದ ಮೂಲಕ: ಪ್ರೊಪೊಫಾಲ್, ಜತೆಗೆ ಫೆಂಟನಿಲ್ ಅಥವಾ ರೆಮಿಫೆಂಟನಿಲ್. ಸೆವೋಫ್ಲೂರೇನ್ ಅನಿಲ ಅರ್ಧ ಮ್ಯಾಕ್ (ಅರಿವಳಿಕೆ ಅನಿಲದ ಪ್ರಮಾಣದ ಅಳತೆ) ದಾಟಿದರೆ ಚಾಲಕ ಸಂಕೇತ ಮಂಕಾಗುತ್ತದೆ. ಕೊಳವೆ ಹಾಕುವಾಗ ಕೊಟ್ಟ ಸ್ನಾಯು ಸಡಿಲಿಸುವ ಮದ್ದನ್ನು ಮತ್ತೆ ಕೊಡಬಾರದು. ಪ್ರತಿ ಸಲ ಕರೆಂಟ್ ಕೊಟ್ಟಾಗ ದವಡೆ ಕಚ್ಚುತ್ತದೆ, ಆದ್ದರಿಂದ ದವಡೆ ಹಲ್ಲುಗಳ ನಡುವೆ ಎರಡೂ ಕಡೆ ಮೆತ್ತನೆ ಗಾಜ್ ಉಂಡೆ ಇಡಿ. ಇಲ್ಲವಾದರೆ ಬೆನ್ನು ಸರಿಹೋಗಿ ನಾಲಿಗೆ ಸೀಳಿರುತ್ತದೆ.

ಹುರಿ ಮೊದಲೇ ಒತ್ತಿಸಿಕೊಂಡಿದ್ದರೆ ಸರಾಸರಿ ರಕ್ತದೊತ್ತಡ 80-85ಕ್ಕಿಂತ ಕೆಳಗಿಳಿಸುವುದಿಲ್ಲ. ಸಂಕೇತ ಅರ್ಧಕ್ಕಿಂತ ಕುಸಿದರೆ ಸರ್ಜನ್ ಕೈ ತೆಗೆಯಬೇಕು, ಎಳೆತ ಬಿಡಬೇಕು, ಬೆಚ್ಚಗಿನ ಸಲೈನ್ ಹಾಯಿಸಬೇಕು. ನಾವು ಒತ್ತಡ ಏರಿಸಿ, ಔಷಧ ಜಾಸ್ತಿಯಾಯಿತೇ, ಮೈ ತಣ್ಣಗಾಯಿತೇ, ಎಲೆಕ್ಟ್ರೋಡ್ ಕಳಚಿತೇ ನೋಡುತ್ತೇವೆ. ಬೇಸ್‌ಲೈನ್ ಸಂಕೇತವನ್ನು ಬೋರಲು ಮಲಗಿಸುವ ಮುಂಚೆಯೂ ತೆಗೆದುಕೊಳ್ಳಿ, ವಿಶೇಷವಾಗಿ ಕತ್ತಿನ ಗಡ್ಡೆಗಳಲ್ಲಿ. ತಿರುಗಿಸುವಾಗಲೇ ಆದ ಪೆಟ್ಟನ್ನು ಕತ್ತರಿಯ ತಲೆಗೆ ಕಟ್ಟುವುದು ತಪ್ಪುತ್ತದೆ.

ಓಟಿ ಸಿಸ್ಟರ್

ಟ್ಯೂಬ್ ಕೇಸ್‌ನಲ್ಲಿ ಸಮಯ ತಿನ್ನುವುದು ಗಡ್ಡೆಗಿಂತ ಡ್ಯೂರಾ ಮುಚ್ಚುವುದು. ಟ್ರೇ ಹಾಕುವಾಗಲೇ ಬಯೊನೆಟ್ ಆಕಾರದ ಉದ್ದ ಸೂಜಿಹಿಡಿ, ಗಂಟು ತಳ್ಳುವ ಕಡ್ಡಿ, 5-0 ಅಥವಾ 6-0 ಪ್ರೊಲಿನ್ ಹೊಲಿಗೆ ದಾರ ಸಣ್ಣ ಸೂಜಿಯದು ಎಣಿಸಿ ಇಟ್ಟಿರಬೇಕು. ಸಾಧಾರಣ ಸೂಜಿಹಿಡಿ ನಳಿಕೆಯೊಳಗೆ ತಿರುಗುವುದೇ ಇಲ್ಲ, ಹಿಡಿದ ಕೈಯೇ ಮೈಕ್ರೋಸ್ಕೋಪಿಗೆ ಅಡ್ಡ. ಡ್ಯೂರಾ ಅಂಚು ಕೂಡಿಸುವ ಸಣ್ಣ ಟೈಟೇನಿಯಂ ಕ್ಲಿಪ್ ಇದ್ದರೆ ಸಮಯ ಬಹಳ ಉಳಿಯುತ್ತದೆ. ಮುಚ್ಚಿದ ಮೇಲೆ ಅರಿವಳಿಕೆಯವರಿಗೆ ಹೇಳಿ ಶ್ವಾಸಕೋಶದ ಒತ್ತಡ 30-40 ಸೆಂ.ಮೀ. ನೀರಿನಷ್ಟು ಏರಿಸಿ ಕೆಲವು ಸೆಕೆಂಡ್ ಹಿಡಿಸಬೇಕು. ಎಲ್ಲಿ ಜಿನುಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಫೈಬ್ರಿನ್ ಅಂಟನ್ನು ಮೊದಲೇ ಕರಗಿಸಿ ಇಡಬೇಡಿ, ಕೇಳಿದಾಗ ಶುರು ಮಾಡಿ.

ನ್ಯೂರೋ ಕತ್ತರಿ

ಸಿಸ್ಟರ್ ಮಾತಿಗೆ ಎರಡು ಸೇರ್ಪಡೆ. ಅಂಟು ಹೊಲಿಗೆಗೆ ಬದಲಿಯಲ್ಲ. ಅದರಲ್ಲೂ ಹೈಡ್ರೋಜೆಲ್ ಜಾತಿಯದು ನೀರು ಹೀರಿ ಉಬ್ಬುತ್ತದೆ. ಕಿರಿದಾದ ಮೂಳೆಗೂಡಿನಲ್ಲಿ ದಪ್ಪಗೆ ಹಾಕಿದರೆ ಗಡ್ಡೆ ತೆಗೆದ ಜಾಗದಲ್ಲಿ ನಾವೇ ಇನ್ನೊಂದು ಗಡ್ಡೆ ಇಟ್ಟ ಹಾಗೆ. ತೆಳ್ಳಗೆ ಬಳಿಯಬೇಕು. ಎರಡನೆಯದು, ಡ್ಯೂರಾ ತೆರೆದ ಕೇಸ್‌ನಲ್ಲಿ ಎಳೆಯುವ ಒತ್ತಡದ ಡ್ರೇನ್ ಇಡಬಾರದು. ಬೆನ್ನುನೀರು ಅತಿಯಾಗಿ ಹರಿದು, ದೂರದ ಚಿಕ್ಕಮೆದುಳಿನಲ್ಲಿ ರಕ್ತಸ್ರಾವ ಆಗುವುದೂ ಉಂಟು. ನಳಿಕೆ ತೆಗೆದ ಕೂಡಲೇ ಸ್ನಾಯು ತಾನಾಗಿ ಕೂಡಿಕೊಂಡು ಖಾಲಿ ಜಾಗ ಉಳಿಯುವುದಿಲ್ಲ. ನೀರು ಶೇಖರವಾಗಿ ಉಬ್ಬುವುದು ಈ ವಿಧಾನದಲ್ಲಿ ಕಡಿಮೆಯಾಗಲು ಅದೇ ಕಾರಣ.

ಹಳೇ ಕೈ ಸರ್ ಹೇಳಿದ ಒಂದು ಬದಿಯ ತೆರೆದ ವಿಧಾನವನ್ನು ನಾನು ಅಲ್ಲಗಳೆಯುವುದಿಲ್ಲ. ಡಿ6ರ ಆ ಹೆಂಗಸಿಗೆ ನಾನೂ ಅದನ್ನೇ ಹೇಳುತ್ತೇನೆ. ಮೆನಿಂಜಿಯೋಮಾದಲ್ಲಿ ಬುಡದ ಡ್ಯೂರಾ ಕತ್ತರಿಸಿ ತೆಗೆಯಬೇಕೇ, ಸುಟ್ಟರೆ ಸಾಕೇ ಅನ್ನುವ ಹಳೇ ವಾದ ಒಂದಿದೆ. ಹುರಿಯ ಮುಂದೆ ಡ್ಯೂರಾ ಕತ್ತರಿಸಿ ತೇಪೆ ಹಾಕುವುದು ಅಪಾಯದ ಕೆಲಸ. 62ರ ವಯಸ್ಸಿನಲ್ಲಿ ಸುಟ್ಟು ಬಿಡುವುದೇ ವಿವೇಕ. ಎಳೆಯ ವಯಸ್ಸಾದರೆ ಒಳಪದರವನ್ನಾದರೂ ಸುಲಿಯಲು ನೋಡುತ್ತೇನೆ.

ಮಲೆನಾಡ ವೈದ್ಯ

ಡಂಬೆಲ್ ಆಕಾರ ಅಂತ ಬರೆದಿದ್ದರೆ?

ನ್ಯೂರೋ ಕತ್ತರಿ

ಅರ್ಧ ಒಳಗೆ, ನರದ ಕಿಂಡಿಯಲ್ಲಿ ಕಿರಿದಾದ ನಡು, ಅರ್ಧ ಹೊರಗೆ. ಸೊಂಟಮಟ್ಟದಲ್ಲಿ ಬಹುಪಾಲು ಹೊರಗಿದ್ದರೆ ಇನ್ನೂ ಪಕ್ಕಕ್ಕೆ ಸರಿದು, ಎರಡು ಸ್ನಾಯುಗಳ ನಡುವಿನ ಸಂದಿಯಲ್ಲಿ ಟ್ಯೂಬ್ ಇಳಿಸಿದರೆ ಫ್ಯಾಸೆಟ್ ಮುಟ್ಟದೆ ಬಹಳ ಚೆನ್ನಾಗಿ ಆಗುತ್ತದೆ. ಎದೆಯೊಳಕ್ಕೆ ಬೆಳೆದಿದ್ದರೆ ಎದೆಗೂಡಿನ ದುರ್ಬೀನು ಹಿಡಿಯುವ ಸರ್ಜನ್ ಜತೆಗೆ ಬೇಕು. ಕತ್ತಿನಲ್ಲಿ ವರ್ಟಿಬ್ರಲ್ ರಕ್ತನಾಳ ಗಡ್ಡೆಯ ಮುಂದೆಯೇ ಹಾದಿರುತ್ತದೆ, ಆಂಜಿಯೋ ನೋಡದೆ ಮುಂದುವರಿಯಬಾರದು. ಫ್ಯಾಸೆಟ್ ಪೂರ್ತಿ ತೆಗೆಯಲೇಬೇಕಾದರೆ ಅದೇ ಸಲ ಸ್ಕ್ರೂ ಹಾಕಿ ಮುಗಿಸಿ.

ಫಿಸಿಯೋ ಧಾರವಾಡ

ಆಪರೇಷನ್ ಆದ ಮ್ಯಾಲಿನ ಮಾತು ಯಾರೂ ಆಡವಲ್ರಿ, ಹಂಗಾಗಿ ನಾನ ಬರೀತೇನಿ. ಟ್ಯೂಬ್ ಕೇಸಿನ್ಯಾಗ ಡ್ಯೂರಾ ಗಟ್ಟಿ ಮುಚ್ಚಿದ್ರ ಮರುದಿನಾನ ಎಬ್ಬಿಸಿ ನಡಸ್ತಾರ. ಅನುಮಾನ ಇದ್ರ 24ರಿಂದ 48 ತಾಸು ಅಂಗಾತ ಮಲಗಸ್ತಾರ. ಏಳೂದಂದ್ರ ನೆಟ್ಟಗ ಏಳೂದಲ್ರಿ, ಮಗ್ಗಲಾಗಿ ಹೊಳ್ಳಿ, ಕಾಲು ಕೆಳಗ ಬಿಟ್ಟು, ಮೊಣಕೈ ಊರಿ ಏಳಬೇಕು. ಕೆಮ್ಮು, ಮಲಬದ್ಧತಿ ಎರಡೂ ಹೊಲಿಗಿಗೆ ವೈರಿ. ಮೊದಲ ದಿನದಿಂದನ ಹೊಟ್ಟಿ ಸಡಿಲಾಗೂ ಔಷಧ ಇರಲಿ.

ಮೂರು ಸಂಗತಿ ಮನಿಯವರಿಗೆ ಬಾಯಿಪಾಠ ಮಾಡಸ್ರಿ. ಎದ್ದು ಕೂತಾಗ ತಲಿ ಸಿಡದು ಮಲಗಿದ್ರ ಹಗುರಾದ್ರ, ಇಲ್ಲಾ ಬ್ಯಾಂಡೇಜ್ ತಿಳಿನೀರಿನಿಂದ ತೊಯ್ದ್ರ, ಬೆನ್ನುನೀರು ಸೋರಾಕತ್ತೇತಿ ಅಂತ. ಜ್ವರ, ಕುತ್ತಿಗಿ ಬಿಗಿತ ಬಂದ್ರ ಸೋಂಕು. ಮೂರನೇದು ಎಲ್ಲಕ್ಕಿಂತ ತುರ್ತು: ಆಪರೇಷನ್ ಆಗಿ ಚಲೋ ಇದ್ದ ಕಾಲು ತಾಸಿನಿಂದ ತಾಸಿಗೆ ಭಾರ ಆಗಾಕತ್ತಿದ್ರ ಒಳಗ ರಕ್ತ ಕಟ್ಟೇತಿ. ರಾತ್ರಿ ಎರಡು ಗಂಟೆ ಆಗಿದ್ರೂ ಬೆಳಗಾಗೂ ತನಕ ಕಾಯಬ್ಯಾಡ್ರಿ. ಎಂಆರ್‌ಐ ಮಾಡಿ ವಾಪಸ್ ಓಟಿಗೆ.

ಕ್ಯಾಥೆಟರ್ ತಗದ ಮ್ಯಾಲೆ ಮೂತ್ರ ಹೋತು ಅಂತ ಕೇಳಿ ಬಿಡೂದಲ್ಲ, ಹೋದ ಮ್ಯಾಲೆ ಎಷ್ಟು ಉಳದದ ಅಂತ ಸ್ಕ್ಯಾನ್ ನೋಡ್ರಿ. 200 ಮಿ.ಲೀ. ಮೀರಿ ಉಳೀತಿದ್ರ ಮತ್ತ ಕೊಳವಿ ಬೇಕಾಗತೇತಿ. ಎದಿಮಟ್ಟದ ಗಡ್ಡಿಯವರಿಗೆ ಕಾಲಿನ ಬಿಗಿತ ಇಳಿಯೂದು ವಾರದ ಲೆಕ್ಕ ಅಲ್ಲ, ತಿಂಗಳ ಲೆಕ್ಕ. ಎಣ್ಣಿ ಹಚ್ಚಿ ಬೆನ್ನು ತಿಕ್ಕೂದು ಗಾಯ ಮಾಯೂ ತನಕ ಬ್ಯಾಡ್ರಿ.

ಫಿಲ್ಮ್ ನೋಡುವವಳು

ವಿಷಯ ಸ್ವಲ್ಪ ಆಚೆಯದು, ಆದರೂ ಕ್ಯಾನ್ಸರ್ ಅಲ್ಲದ ಗಡ್ಡೆ ಅಂದಮೇಲೆ ಮೂಳೆಯ ಸಣ್ಣ ಗಡ್ಡೆಯಾದ ಆಸ್ಟಿಯಾಯ್ಡ್ ಆಸ್ಟಿಯೋಮಾ ಬಿಡಬಾರದು. ಹದಿವಯಸ್ಸಿನ ಹುಡುಗ, ಬೆನ್ನು ಒಂದು ಕಡೆಗೆ ವಾಲಿದೆ, ರಾತ್ರಿ ನೋವು, ಆಸ್ಪಿರಿನ್ ಜಾತಿಯ ಮಾತ್ರೆಗೆ ಮಾಯ. ಸಿಟಿಯಲ್ಲಿ 1.5 ಸೆಂ.ಮೀ.ಗಿಂತ ಸಣ್ಣ ಬೀಜ. ಇದಕ್ಕೆ ಹಲವು ಸಲ ಕತ್ತರಿಯೇ ಬೇಡ. ಸಿಟಿ ನೋಡುತ್ತ ಸೂಜಿ ಇಳಿಸಿ ರೇಡಿಯೋ ತರಂಗದಿಂದ 90 ಡಿಗ್ರಿಯಲ್ಲಿ 4ರಿಂದ 6 ನಿಮಿಷ ಸುಡುತ್ತಾರೆ. ನರಕ್ಕೂ ಬೀಜಕ್ಕೂ ನಡುವೆ ಮೂಳೆಯ ಗೋಡೆ ಅಖಂಡ ಇದೆಯೇ ಅಂತ ಮೊದಲು ನೋಡಬೇಕು. ತಣ್ಣಗಾಗಿಸಲು ಡ್ಯೂರಾ ಹೊರಗೆ ದ್ರವ ಹಾಯಿಸುವುದಾದರೆ 5% ಡೆಕ್ಸ್‌ಟ್ರೋಸ್. ಸಲೈನ್ ಬೇಡ, ಅದು ವಿದ್ಯುತ್ತನ್ನು ಹರಿಸುತ್ತದೆ.

ಮಲೆನಾಡ ವೈದ್ಯ

ಖರ್ಚಿನ ಬಗ್ಗೆಯೂ ಕೇಳುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಅಂತ ಹೇಳಿ ಕಳಿಸುತ್ತೇವೆ. ರೆಫರಲ್ ಚೀಟಿಯಲ್ಲಿ ಬೇರೆ ಏನು ಬರೆದರೆ ನಿಮಗೆ ಉಪಯೋಗ?

ಹಳೇ ಕೈ

ಮಟ್ಟ, ಮಗ್ಗುಲು, ಯಾವಾಗಿನಿಂದ ನಡಿಗೆ ಕೆಟ್ಟಿದೆ, ಮೂತ್ರ ಹೇಗಿದೆ. ರಕ್ತ ತೆಳುಮಾಡುವ ಮಾತ್ರೆ ಯಾವುದು, ಕೊನೆಯ ಗುಳಿಗೆ ಯಾವತ್ತು. ಮೈಮೇಲೆ ಕಾಫಿ ಬಣ್ಣದ ಮಚ್ಚೆ, ಗಂಟುಗಳಿವೆಯೇ, ಕಿವಿ ಕೇಳಿಸುವುದು ಕಮ್ಮಿಯಾಗಿದೆಯೇ. ನ್ಯೂರೋಫೈಬ್ರೋಮಟೋಸಿಸ್ ಅಥವಾ ಎನ್‌ಎಫ್2 ಇದ್ದರೆ (ಎರಡೂ ನರಗಳಲ್ಲಿ ಹಲವು ಗಡ್ಡೆ ಬರುವ, ಜೀನ್ ದೋಷದ ರೋಗ) ಗಡ್ಡೆ ಒಂದೇ ಇರುವುದಿಲ್ಲ, ಕಂಡದ್ದನ್ನೆಲ್ಲ ತೆಗೆಯಲೂ ಹೋಗುವುದಿಲ್ಲ, ತೊಂದರೆ ಕೊಡುತ್ತಿರುವುದನ್ನು ಮಾತ್ರ. ಡೆಕ್ಸಾ (ಸ್ಟೀರಾಯ್ಡ್) ಶುರುಮಾಡಿದ್ದರೆ ಸಕ್ಕರೆ ಎಷ್ಟಿತ್ತು ಅಂತ ಬರೆಯಿರಿ. ನಡಿಗೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಟ್ಯೂಬ್ ಇರುವ ಆಸ್ಪತ್ರೆ ಹುಡುಕುತ್ತ ವಾರ ಕಳೆಯಬೇಡಿ. ತೆರೆದ ವಿಧಾನ ಬಲ್ಲ ಹತ್ತಿರದ ಕೈಗೆ ಕಳಿಸಿ.

ಫಿಲ್ಮ್ ನೋಡುವವಳು

ಚೀಟಿಯ ಜತೆ ಸ್ಕ್ಯಾನ್‌ನ ಸಿಡಿ ಕಳಿಸಿ. ಕಿಟಕಿ ಬೆಳಕಿಗೆ ಫಿಲ್ಮ್ ಹಿಡಿದು ತೆಗೆದ ವಾಟ್ಸಾಪ್ ಫೋಟೋದಲ್ಲಿ ಕಶೇರು ಎಣಿಸಲು ಆಗುವುದಿಲ್ಲ. ಆಪರೇಷನ್ ಆದ ಮೇಲೂ ಆ ಸಿಡಿ ಎಸೆಯಬೇಡಿ ಅನ್ನಿ. ಮೂರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು ಕಾಂಟ್ರಾಸ್ಟ್ ಎಂಆರ್‌ಐ ಆಗುತ್ತದೆ. ಹಳೆಯದು ಪಕ್ಕದಲ್ಲಿಲ್ಲದಿದ್ದರೆ ಹೊಳೆಯುತ್ತಿರುವುದು ಗಾಯದ ಕಲೆಯೋ ಉಳಿದ ಗಡ್ಡೆಯೋ ಹೇಳಲಾಗದು. ಡ್ಯೂರಾಗೆ ಟೈಟೇನಿಯಂ ಕ್ಲಿಪ್ ಹಾಕಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಕ್ಯಾನ್‌ಗೆ ಅಡ್ಡಿಯಿಲ್ಲ, ಆದರೆ ಅಲ್ಲೊಂದು ಸಣ್ಣ ಕಪ್ಪು ಚುಕ್ಕೆ ಯಾಕೆ ಬಂತು ಅಂತ ನಾವು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.